ಎರವಲು ಹೆಸರು

ತಾಯಪ್ಪನ ಮಣ್ಣಿಗೆ ಬಂದ ನೆಂಟರೆಲ್ಲ ದೇವಾಪುರ ಬಿಟ್ಟುಹೋದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಮೋನಮ್ಮ ಲ್ಯಾಪ್‌ಟಾಪ್ ತೆರೆದಳು. ಅತ್ತೆ ಸುಂದ್ರಮ್ಮ ಎಂದಿನಂತೆ ರೊಟ್ಟಿ ತಟ್ಟುತ್ತಿದ್ದಳು. ಅಷ್ಟರಲ್ಲಿ, ಅವಳಿಗೆ ಓದುವ ಕೆಲಸ ಕೊಟ್ಟಿದ್ದ ಮೇಡಂ ಫೋನು ಕಲಬುರಗಿಯಿಂದ ಬಂತು. ಸಮಾಧಾನದ ಮಾತು ಹೇಳಿ ಅವರು ಕೆಲಸದ ಮಾತಿಗೆ ಬಂದರು.

"ಪರದೆ ತೆಗೆದಿದ್ದೇನೆ ಮೋನಮ್ಮ. ಇನ್ನು ನೀವೂ ಮೌಲಾಲಿಯವರೂ ಕೂತು ಮಾತಾಡಿ ತಕರಾರುಗಳನ್ನು ಮುಗಿಸಿ. ಸಂಜೆಯೊಳಗೆ ಆದರೆ ಒಳ್ಳೆಯದು."

ಕಾಲುವೆ ನೀರು ಬಂದ ಊರುಗಳಲ್ಲಿ ಜ್ವರ ಹೆಚ್ಚುತ್ತದೆಯೇ ಎಂದು ಎಲ್ಲೆಲ್ಲೋ ನಡೆದ ಅಧ್ಯಯನಗಳನ್ನು ಜರಡಿ ಹಿಡಿಯುವುದು ಅವರ ಕೆಲಸ. ಆನ್‌ಲೈನ್ ತಂತ್ರಾಂಶದಲ್ಲಿ ಪ್ರತಿ ಅಧ್ಯಯನವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ, ‘ಬೇಕು’ ಅಥವಾ ‘ಬೇಡ’ ಒತ್ತಿ, ಪಕ್ಕದಲ್ಲಿ ಕಾರಣ ಬರೆಯಬೇಕು. ಪರದೆ ತೆಗೆಯುವವರೆಗೆ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ತೆಗೆದ ಮೇಲೆ, ಒಬ್ಬರು ‘ಬೇಕು’ ಇನ್ನೊಬ್ಬರು ‘ಬೇಡ’ ಎಂದ ಕಡೆಯೆಲ್ಲ ತಕರಾರು; ಇಬ್ಬರೂ ಮಾತಾಡಿ ಒಂದೇ ಉತ್ತರಕ್ಕೆ ಬರಬೇಕು. ಗಂಡ ಹೆಂಡತಿ ಜೋಡಿಯಾಗಿ ಓದಕೂಡದು ಎಂದು ಮೇಡಂ ಮೊದಲೇ ಹೇಳಿದ್ದರು; ಉಣ್ಣುವಾಗ ಮಾತಾಡಿಕೊಂಡು ಒಂದೇ ಉತ್ತರ ಬರೆಯುತ್ತಾರಂತೆ. ಅದಕ್ಕೇ ತಾಯಪ್ಪ ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯ ಮೌಲಾಲಿಯ ಹೆಸರನ್ನು ಎರವಲು ತಂದಿದ್ದ. "ಸ್ವಲ್ಪ ದಿನ ಕೊಡಪಾ, ತೊಳದು ಇಸ್ತ್ರಿ ಮಾಡಿ ಕೊಡ್ತೇನಿ" ಎಂದಿದ್ದ. ಆಮೇಲೆ ಅವನು ಆ ಹೆಸರಿನಲ್ಲಿ, ಮೋನಮ್ಮ ತನ್ನ ಹೆಸರಿನಲ್ಲಿ, ದಿನಾ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಓದಿದರು. ಮಗ ಸೊಸೆ ಮಾತು ಬಿಟ್ಟಿದ್ದಾರೆಂದು ಹೆದರಿ ಸುಂದ್ರಮ್ಮ ಅಬ್ಬೆತುಮಕೂರು ಮಠಕ್ಕೆ ಹರಕೆ ಹೊತ್ತಿದ್ದಳು.

ಮೋನಮ್ಮ ಫೋನು ಮಾಡಿದ್ದಕ್ಕೆ ಮೌಲಾಲಿ ಕಾಲುವೆ ದಂಡೆಯ ದೂಳನ್ನೆಲ್ಲ ಮೈಮೇಲೆ ಹೊತ್ತು ಬಂದ. ಲ್ಯಾಪ್‌ಟಾಪಿನ ತೆರೆಯ ಮೇಲೆ ತನ್ನ ಹೆಸರು, ಅದರ ಮುಂದೆ ಸತ್ತ ಗೆಳೆಯನ ಮಾತು. ಅದನ್ನು ಗಟ್ಟಿಯಾಗಿ ಓದಿದ.

"‘ಬೇಡ. ಕಾಲುವೆ ಇಲ್ಲದ ಊರು ಎಂದು ಹೋಲಿಕೆಗೆ ಆರಿಸಿದ ಊರಿಗೂ ಕಾಲುವೆ ನೀರು ಹೋಗುತ್ತದೆ. ಇವರು ನಕ್ಷೆ ನೋಡಿದ್ದಾರೆ, ಊರು ನೋಡಿಲ್ಲ.’"

"ನಾ ಬೇಕು ಅಂದೀನಿ," ಎಂದಳು ಮೋನಮ್ಮ. "ಹೋಲಿಕಿ ಕೆಟ್ಟಿದ್ರೂ ರಕ್ತ ಪರೀಕ್ಷಾ ಚಲೋ ಮಾಡ್ಯಾರ. ನೀ ಏನಂತಿ?"

"ನೀವು ಅಂದದ್ದ ಖರೆ ಭಾಬಿ. ಬೇಕು ಅಂತ ಒತ್ತರಿ."

ಒತ್ತಿದಳು. ಮೌಲಾಲಿ ಮುಂದಿನದನ್ನು ಓದಿದ. "‘ಬೇಡ. ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತು ಎಂದು ಗಂಡಸರನ್ನಷ್ಟೇ ಕೇಳಿದ್ದಾರೆ. ಹೆಂಡತಿಗೆ ಜ್ವರ ಬಂದದ್ದು ಗಂಡನಿಗೆ ಯಾವಾಗ ಗೊತ್ತಾಗಿತ್ತು?’"

"ಇದಕ್ಕೂ ನಾ ಬೇಕು ಅಂದೀನಿ."

"ಹೂಂ ಭಾಬಿ. ಬೇಕು."

ಒಲೆಯ ಮುಂದಿನಿಂದ ಸುಂದ್ರಮ್ಮ ತಲೆ ಎತ್ತಿದಳು. "ಏ ಮೌಲಾಲಿ, ನನ್ನ ಮಗ ಉಣ್ಣೂದು ಬಿಟ್ಟು ವಾದ ಮಾಡಾಂವ. ನೀ ಏನು ಕೋಲೆಬಸವನಂಗ ಗೋಣ ಹಾಕಾಕತ್ತಿ?"

"ಏನ್ ಮಾಡ್ಲಿ ದೊಡ್ಡವ್ವಾ? ಇಂಥಾ ಹೊತ್ತಿನಾಗ ಭಾಬಿ ಕೂಡ ಜಗಳಾಡ್ಲಾ?"

ಮೋನಮ್ಮ ಅವನ ಮುಖ ನೋಡಿದಳು. ಆಮೇಲೆ, ತಾನೂ ತಾಯಪ್ಪನೂ ಎಂದೋ ‘ಬೇಡ’ ಎಂದು ಪಕ್ಕಕ್ಕಿಟ್ಟಿದ್ದ ಒಂದು ಅಧ್ಯಯನವನ್ನು ಹುಡುಕಿ ತೆಗೆದಳು.

"ಇದು ಎಮ್ಮಿಗೆ ಬರೋ ಜ್ವರದ ಮ್ಯಾಲ ಮಾಡಿದ್ದು. ಇದನ್ನೂ ತಗೊಳ್ಳೋಣು ಅಂತೀನಿ."

"ಆಗ್ಲಿ ಭಾಬಿ."

"ಎಮ್ಮಿ, ಮೌಲಾಲಿ."

"ಎಮ್ಮೀದೂ ಜೀವ ಅಲ್ಲೇನ್ರಿ?"

ಸುಂದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಮೋನಮ್ಮನೂ ನಕ್ಕಳು. ತನ್ನ ನಗು ಕಿವಿಗೆ ಬಿದ್ದು ತಾನೇ ಬೆಚ್ಚಿದಳು. ನಗು ನಿಂತ ಮೇಲೆ ತೆರೆಯನ್ನು ನೋಡಿದಳು. ತಾಯಪ್ಪನ ‘ಬೇಡ’ಗಳು ಒಂದೊಂದಾಗಿ ಬೀಳುತ್ತಿದ್ದವು. ಹೀಗೇ ಹೋದರೆ ಸಂಜೆಯೊಳಗೆ ಅವಳು ಪೂರ್ತಿ ಗೆದ್ದಿರುತ್ತಿದ್ದಳು.

ಅವಳು ಫೋನು ಎತ್ತಿಕೊಂಡಳು.

"ಯಾರಿಗ್ರಿ?"

"ಮೇಡಂಗ. ಓದಿದಾಂವ ನೀ ಅಲ್ಲ ಅಂತ ಹೇಳ್ತೀನಿ."

"ಅವ ಬರದದ್ದೆಲ್ಲ ಅಳಸಿಬಿಡ್ತಾರ ಭಾಬಿ! ಇರ್ಲಿ ಬಿಡ್ರಿ. ನನ್ನ ಹೆಸರಿನಾಗ ಆದ್ರೂ ಅವ ಇರ್ತಾನ."

"ಇರ್ತಾನ. ನಾ ಅಂದದ್ದಕ್ಕೆಲ್ಲ ಹೂಂ ಅಂತ ಕುಂತಿರ್ತಾನ. ಅಂಥಾ ಗಂಡ ನನಗ ಇರ್ಲಿಲ್ಲ."

ಎಲ್ಲ ಕೇಳಿಸಿಕೊಂಡ ಮೇಡಂ ನೇರವಾಗಿ ಹೇಳಿದರು. "ಒಬ್ಬರು ಓದಿದ್ದನ್ನು ಇನ್ನೊಬ್ಬರ ಹೆಸರಲ್ಲಿ ಇಡುವಂತಿಲ್ಲ. ಈಗಲೇ ಅಳಿಸುತ್ತೇನೆ. ಮೌಲಾಲಿಯವರು ಮೊದಲಿನಿಂದ ಓದಲಿ. ನಿಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಾಳೆ ಹೇಳುತ್ತೇನೆ." ಫೋನು ಇಡುವ ಮುನ್ನ ದನಿ ತಗ್ಗಿಸಿದರು. "ಇಷ್ಟೊಂದು ಕಡೆ ಜಗಳಾಡಿದ ಜೋಡಿಯನ್ನು ನಾನು ನೋಡಿರಲಿಲ್ಲ. ಗಂಡ ಹೆಂಡತಿ ಅಂತ ಅನುಮಾನವೇ ಬರಲಿಲ್ಲ."

ಮೋನಮ್ಮ ಮೌಲಾಲಿ ಹೆಸರಿನ ಖಾತೆಯ ಪಾಸ್‌ವರ್ಡ್ ಬದಲಿಸುವ ಜಾಗ ತೆರೆದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ತಗೊ. ಅವ ಇಸ್ಕೊಂಡಿದ್ದು ನಿನಗ ಮುಟ್ಟಿಸೀನಿ. ಇನ್ನ ನಿಂದ ನೀ ಓದು."

ಮೌಲಾಲಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೊಸ ಪಾಸ್‌ವರ್ಡ್ ಒತ್ತಿದ. ತೆರೆ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿತು.

"ಏನಂತದಪಾ ಅದು?" ಎಂದಳು ಸುಂದ್ರಮ್ಮ.

ಮೌಲಾಲಿ ಓದಿ ಹೇಳಬೇಕಾಯಿತು. "‘ಸ್ವಾಗತ, ಮೌಲಾಲಿ. ನೀವು ಇನ್ನೂ ಏನನ್ನೂ ಓದಿಲ್ಲ.’"