ಸಹಾಯನ ಜಾಗ

ಮಗನ ಸಮಾಧಿ ಇದ್ದ ಕಡೆ ಗುಂಡಿಯೊಂದು ಬಾಯಿ ತೆರೆದುಕೊಂಡಿತ್ತು. ಲೂರ್ದಮ್ಮ ಮೊದಲು, ಸಾಲು ತಪ್ಪಿ ಬಂದೆನೆಂದುಕೊಂಡಳು. ಗೇಟಿಗೆ ವಾಪಸು ಹೋಗಿ ಮತ್ತೆ ಗುರುತು ಹಿಡಿಯುತ್ತ ಬಂದಳು. ಬೇವಿನ ಮರ, ಟೀಚರಮ್ಮನ ಕಲ್ಲಿನ ಸಮಾಧಿ, ಅದರ ಪಕ್ಕ ಸಹಾಯರಾಜ. ತಪ್ಪಿರಲಿಲ್ಲ. ಸಹಾಯನ ಮರದ ಶಿಲುಬೆ ಅಗೆದ ಮಣ್ಣಿನ ಗುಡ್ಡೆಯ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಅದರ ಕೆಳಗೆ ಒಂದು ಬೂಟಿನ ಅಟ್ಟೆ. ಹತ್ತೊಂಬತ್ತು ತುಂಬಿದ ಮಗನನ್ನು ಬರಿಗಾಲಲ್ಲಿ ಕಳಿಸಬಾರದೆಂದು ಒಂಬತ್ತು ವರ್ಷದ ಹಿಂದೆ ಹಟ ಮಾಡಿ ಹೊಸ ಬೂಟು ಹಾಕಿಸಿದವಳು ಅವಳೇ.

ಕೈಯಲ್ಲಿದ್ದ ಸೇವಂತಿಗೆ ಪೊಟ್ಟಣ ಜಾರಿ ಬಿತ್ತು.

"ಮಾದಯ್ಯಾ!"

ಗುಂಡಿ ತೋಡುವ ಸಣ್ಣಮಾದಯ್ಯ ನಲ್ಲಿಯ ಹತ್ತಿರ ಗುದ್ದಲಿ ತೊಳೆಯುತ್ತಿದ್ದವನು ಓಡಿ ಬಂದ.

"ನನ್ನ ಮಗ ಎಲ್ಲಯ್ಯಾ? ಎಲ್ಲಿಗೆ ತಗೊಂಡು ಹೋದೆ?"

"ಎಂಟು ವರ್ಷ ದಾಟಿದ ಮಣ್ಣಿನ ಸಮಾಧಿನೆಲ್ಲ ತೆಗೀತಾವ್ರೆ ಕಣಮ್ಮ. ಹೊಸಬರಿಗೆ ಜಾಗ ಇಲ್ಲ. ಚರ್ಚಿನ ಬೋರ್ಡಿನಾಗೆ ಮೂರು ತಿಂಗಳಿಂದ ಚೀಟಿ ಅಂಟ್ಸವ್ರಲ್ಲ, ನೀವು ನೋಡ್ನಿಲ್ವಾ?"

ನೋಡಿರಲಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಬೋರ್ಡಿನ ಮುಂದೆ ನಿಲ್ಲುವಷ್ಟು ಪುರುಸೊತ್ತು ಅವಳಿಗೆಲ್ಲಿತ್ತು? ಇಲ್ಲಿಗೆ ಬಂದು ಕೂತು, ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಈ ವಾರ ಹೊಲಿದ ಶಾಲೆ ಯೂನಿಫಾರಂನಿಂದ ಹಿಡಿದು ಹಂಚಿನ ಸಂದಿಯಲ್ಲಿ ಪಾರಿವಾಳ ಮೊಟ್ಟೆಯಿಟ್ಟದ್ದರವರೆಗೆ ಎಲ್ಲವನ್ನೂ ಸಹಾಯನಿಗೆ ಹೇಳಬೇಕಿತ್ತು.

"ನಿನ್ನೆ ಸಂಜೆ ತೆಗುದ್ವಿ," ಎಂದ ಮಾದಯ್ಯ ದನಿ ತಗ್ಗಿಸಿ. "ನಾನೇ ಕೈಯಾರ ಎತ್ತಿದೆ ಕಣಮ್ಮ, ಗುದ್ದಲಿ ತಾಗಿಸ್ನಿಲ್ಲ. ಬಿಳೀ ಬಟ್ಟೇಲಿ ಕಟ್ಟಿ, ಅಗೋ, ಆ ಗೋಡೆ ಪಕ್ಕದ ಮೂಳೆ ಬಾವಿಯೊಳಗೆ ಇಟ್ಟಿವ್ನಿ. ಎಲ್ಲಾರದೂ ಅಲ್ಲೇ ಇಡೋದು."

ಎಲ್ಲರದೂ! ಆ ರಾಶಿಯಲ್ಲಿ ಸಹಾಯ ಯಾವನೆಂದು ಹೆತ್ತವಳಿಗೂ ಗೊತ್ತಾಗದು. ಇನ್ನು ಭಾನುವಾರ ಎಲ್ಲಿ ಕೂರುವುದು? ಯಾರ ಹತ್ತಿರ ಮಾತಾಡುವುದು? ಫಾದರ್ ಹತ್ತಿರ ಇವತ್ತು ಜಗಳವಾಡಿಯೇ ಹೋಗುವುದೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅಷ್ಟರಲ್ಲಿ ಗೇಟಿನೊಳಗೆ ಫಾದರೇ ಬಂದರು. ಹಿಂದೆ ಹತ್ತಿಪ್ಪತ್ತು ಜನ. ನಡುವೆ ಒಬ್ಬ ಯುವಕ ಬಿಳಿ ಪೆಟ್ಟಿಗೆಯೊಂದನ್ನು ತಾನೊಬ್ಬನೇ ಎದೆಗೆ ಒತ್ತಿ ಹಿಡಿದಿದ್ದ. ಅಷ್ಟು ಚಿಕ್ಕದಿತ್ತು ಅದು.

"ಬೋಗಾದಿ ಕಡೆಯವರ ಮಗಳು. ನಾಲ್ಕು ವರ್ಷ. ಎರಡೇ ದಿನದ ಜ್ವರವಂತೆ," ಎಂದ ಮಾದಯ್ಯ.

ಸಹಾಯನ ಗುಂಡಿಯ ಮುಂದೆಯೇ ಪ್ರಾರ್ಥನೆ ಶುರುವಾಯಿತು. ಮಗುವಿನ ತಾಯಿ ಸುಮಾ ಅಂಚಿಗೆ ಬಂದು ಒಳಗೆ ಇಣುಕಿದಳು. ಮಣ್ಣಿನ ಗುಡ್ಡೆ ನೋಡಿದಳು. ಶಿಲುಬೆ, ಬೂಟಿನ ಅಟ್ಟೆ. ಚಿಟ್ಟನೆ ಚೀರಿ ಗಂಡನ ಕೈಯಲ್ಲಿದ್ದ ಪೆಟ್ಟಿಗೆಯನ್ನು ತಬ್ಬಿಕೊಂಡಳು.

"ಇಲ್ಲಿ ಯಾರೋ ಇದ್ರು! ರೀ, ಇದು ಇನ್ನೊಬ್ಬರ ಗುಂಡಿ ಕಣ್ರೀ! ಅವರನ್ನ ಎತ್ತಿ ಬಿಸಾಕಿ ನನ್ನ ಮಗೂನ ಹಾಕ್ತಾರಾ? ನಾಳೆ ಇವಳನ್ನೂ ಹಂಗೇ ಬಿಸಾಕ್ತಾರೆ. ಕೊಡಲ್ಲ, ನಾನು ಕೊಡಲ್ಲ!"

"ಸುಮಾ..." ಎಂದು ಗಂಡ ಏನೋ ಹೇಳಹೋದ. ಫಾದರ್ ಪುನರುತ್ಥಾನದ ಮಾತೆತ್ತಿದರು. ಸುಮಾ ತಲೆಯಾಡಿಸುತ್ತಲೇ ಇದ್ದಳು. ಲೂರ್ದಮ್ಮ ಫಾದರ್ ಹತ್ತಿರ ಆಡಬೇಕೆಂದಿದ್ದ ಮಾತುಗಳನ್ನೇ ಆ ಹುಡುಗಿ ಆಡಿ ಮುಗಿಸಿದ್ದಳು. ಲೂರ್ದಮ್ಮ ಜನರನ್ನು ಸರಿಸಿಕೊಂಡು ಹೋಗಿ ಅವಳ ಪಕ್ಕ ನಿಂತಳು.

"ಇಲ್ಲಿದ್ದವನು ನನ್ನ ಮಗ ಕಣಮ್ಮ."

ಸುಮಾಳ ಚೀರಾಟ ನಿಂತಿತು. "ಈಗ ಎಲ್ಲಿ?"

ಬಾವಿ ತೋರಿಸಲೆಂದು ಲೂರ್ದಮ್ಮ ಎತ್ತಿದ ಕೈ ಅರ್ಧದಲ್ಲೇ ನಿಂತಿತು.

"ಎದ್ದು ಹೋದ," ಎಂದಳು ಲೂರ್ದಮ್ಮ.

ಮಾತು ಬಾಯಿಂದ ಬಿದ್ದ ಮೇಲೆ ಅವಳೇ ಬೆಚ್ಚಿದಳು. ಸತ್ತವರು ಏಳುತ್ತಾರೆಂದು ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರೊಡನೆ ದನಿಗೂಡಿಸಿ ಹೇಳುತ್ತ ಬಂದವಳು ಅವಳು. ಆ ಸತ್ತವರಲ್ಲಿ ತನ್ನ ಸಹಾಯನೂ ಒಬ್ಬನೆಂಬುದು ಮಾತ್ರ ಇವತ್ತಿನವರೆಗೆ ಹೊಳೆದಿರಲಿಲ್ಲ. ಅವನು ಇಲ್ಲೇ, ಈ ಮಣ್ಣಿನಡಿ, ತನ್ನ ದಾರಿ ಕಾಯುತ್ತ ಮಲಗಿದ್ದಾನೆಂದೇ ತಿಳಿದಿದ್ದಳು.

"ಇವಳೂ ಏಳ್ತಾಳೆ," ಎಂದಳು. "ಇಲ್ಲೇ ಇದ್ದುಬಿಡೋಕೆ ಯಾರೂ ಬರಲ್ಲ ಕಣಮ್ಮ."

ಯಾರಾದರೂ ತಡೆಯುವ ಮೊದಲೇ ಲೂರ್ದಮ್ಮ ಅಂಚಿನಲ್ಲಿ ಕೂತು ಗುಂಡಿಯೊಳಗೆ ಇಳಿದುಬಿಟ್ಟಳು. ತಳದಲ್ಲಿದ್ದ ಹೆಂಟೆಗಳನ್ನು ಒಂದೊಂದಾಗಿ ಆಯ್ದು ಹೊರಗೆ ಹಾಕಿದಳು. ಹಾಸಿಗೆ ಸರಿಮಾಡುವ ಹಾಗೆ ಅಂಗೈಯಲ್ಲಿ ಮಣ್ಣು ಸವರಿ, ಎರಡೂ ಕೈ ಮೇಲಕ್ಕೆ ಚಾಚಿದಳು. "ಕೊಡು. ನಾನು ಮಲಗಿಸ್ತೀನಿ."

ಸುಮಾ ಗಂಡನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು, ಮೊಣಕಾಲೂರಿ, ಕೆಳಗೆ ಚಾಚಿದ್ದ ಕೈಗಳಿಗೆ ಕೊಟ್ಟಳು.

ಮಗುವನ್ನು ಮಲಗಿಸಿ ಲೂರ್ದಮ್ಮ ತಲೆಯೆತ್ತಿದಳು. ಅಂಚು ಎದೆಮಟ್ಟಕ್ಕಿತ್ತು. ನಾಲ್ಕೈದು ಗಂಡಸರು ಒಟ್ಟಿಗೆ ಬಗ್ಗಿದರು. ಅವಳು ಅವರ ಕಡೆ ನೋಡಲಿಲ್ಲ.

"ನೀನು ಕೈ ಕೊಡಮ್ಮ ಸುಮಾ. ನಾನು ಮೇಲೆ ಬರಬೇಕು."

ಸುಮಾ ಮಣ್ಣಿನಲ್ಲೇ ಕೂತು, ಹಿಮ್ಮಡಿ ಊರಿ, ಎರಡೂ ಕೈಯಿಂದ ಎಳೆದಳು.