ಚುಕ್ಕೆ ಮೊಟ್ಟೆ

ನೀಲಗಿರಿ ಎಲೆ ಕುದಿಯುವ ವಾಸನೆ ಬಂದರೆ ಮುನಿಕೆಂಪಮ್ಮನವರಿಗೆ ಒಂದು ಕರಿ ಕಂಬಳಿ ನೆನಪಾಗುತ್ತಿತ್ತು. ಚಿಕ್ಕವರಿದ್ದಾಗ ನೆಗಡಿಯಾದರೆ ಅವ್ವ ಮಡಕೆಯ ಮುಂದೆ ಕೂರಿಸಿ, ಆ ಕಂಬಳಿ ಹೊದಿಸಿ, ಹಬೆ ಹಿಡಿಸುತ್ತಿದ್ದಳು. ಎರಡು ವಾರದ ಹಿಂದೆ ತಮ್ಮ ಟರ್ಕಿ ಕೋಳಿಗಳ ಶೆಡ್ಡಿನಲ್ಲಿ ಅದೇ ವಾಸನೆ ಅವರ ಮೂಗಿಗೆ ಬಡಿದಿತ್ತು. ಈಗ ಹೆಬ್ಬಾಳದಿಂದ ಬಂದ ಪಶುವೈದ್ಯೆ ಪ್ರತಿಭಾ ಪರೀಕ್ಷೆಯ ವರದಿ ಹಿಡಿದು ಎದುರಿಗೆ ನಿಂತಾಗ ಆ ವಾಸನೆ ಮತ್ತೆ ನೆನಪಾಯಿತು.

ಹುಣಸಮಾರನಹಳ್ಳಿಯ ಆ ಶೆಡ್ಡಿನಲ್ಲಿ ಇನ್ನೂರು ಹೆಣ್ಣು ಟರ್ಕಿಗಳಿದ್ದವು. ದಿನಕ್ಕೆ ನೂರಿಪ್ಪತ್ತು ಮೊಟ್ಟೆ ಸಿಗುತ್ತಿದ್ದ ಕಡೆ ಈಗ ಮೂವತ್ತೂ ಸಿಗುತ್ತಿರಲಿಲ್ಲ. ಸಿಕ್ಕವೂ ಕಂದು ಚುಕ್ಕೆ ಮಾಯವಾಗಿ ಸುಣ್ಣ ಬಳಿದಂತೆ ಬೆಳ್ಳಗೆ, ಮುಟ್ಟಿದರೆ ಒಡೆಯುವಷ್ಟು ತೆಳ್ಳಗೆ. ಒಂದು ಕೋಳಿಯೂ ಸತ್ತಿರಲಿಲ್ಲ, ಮೇವು ಬಿಟ್ಟಿರಲಿಲ್ಲ. ಆದರೂ ಹಕ್ಕಿಜ್ವರವೇ ಇರಬೇಕು, ಎಲ್ಲವನ್ನೂ ಕೊಲ್ಲಿಸುತ್ತಾರೆ ಎಂದು ಹೆದರಿ ಮುನಿಕೆಂಪಮ್ಮ ಹಿಂದಿನ ದಿನವೇ ಬೇಲಿಯ ಪಕ್ಕ ದೊಡ್ಡ ಗುಂಡಿ ತೋಡಿಸಿದ್ದರು. ಅಷ್ಟೂ ಕೋಳಿಗಳನ್ನು ಮರಿಯಿಂದ ಸಾಕಿದ ಕೆಲಸದ ರತ್ನಕ್ಕ ಆ ಗುಂಡಿಯ ಕಡೆ ತಿರುಗಿಯೂ ನೋಡಿರಲಿಲ್ಲ.

“ಹಕ್ಕಿಜ್ವರ ಅಲ್ಲಮ್ಮ,” ಎಂದರು ಪ್ರತಿಭಾ. “ಊರೆಲ್ಲಾ ಮಾಸ್ಕ್ ಹಾಕ್ಕೊಂಡು ಓಡಾಡ್ತಿದೆಯಲ್ಲ, ಅದೇ ಹಂದಿಜ್ವರ. ಮನುಷ್ಯರಿಂದ ಇವಕ್ಕೆ ಬಂದಿದೆ.”

“ಹಂದಿದು ಮನ್ಸರಿಗೆ, ಮನ್ಸರದ್ದು ಕೋಳಿಗೆ! ಇನ್ ಕೋಳಿದು ಯಾರಿಗಂತೆ?” ಮುನಿಕೆಂಪಮ್ಮನವರಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ಎರಡು ವಾರದ ಹಿಂದೆ ಒಳಗೆ ಕೆಲಸ ಮಾಡಿದೋರಲ್ಲಿ ಯಾರಿಗೆ ಜ್ವರ ಇತ್ತು?”

ಜಾಲರಿಯಾಚೆ ಒಂದು ಗಂಡು ಟರ್ಕಿ ಗಳಗಳನೆ ಕೂಗಿತು. ಆಮೇಲೆ ರತ್ನಕ್ಕ ಸೆರಗು ಹಿಂಡುತ್ತಾ ಮುಂದೆ ಬಂದಳು. ಗದಗದ ಕಡೆಯಿಂದ ಬಂದು ಆರು ವರ್ಷವಾಗಿದ್ದರೂ ಅವಳ ಮಾತು ಅಲ್ಲಿಯದೇ. “ನಂಗ ಬಂದಿತ್ರಿ, ಡಾಕ್ಟರಮ್ಮಾ. ಎಲಿ ಕುದಿಸಿ ಹಬಿ ತೊಗೊಂಡು ಕೆಲಸಕ್ಕ ಬಂದಿದ್ನಿರಿ. ಮತ್ಯಾರು ಹಿಡದ್ರೂ ನಿಲ್ಲೂದಿಲ್ರಿ ಅವು.”

ಗಂಡು ಟರ್ಕಿಗಳು ಬಲು ಭಾರ. ಬೆನ್ನೇರಿದರೆ ಹೆಣ್ಣಿಗೆ ಗಾಯ. ಅದಕ್ಕೇ ವಾರಕ್ಕೊಮ್ಮೆ ಒಂದೊಂದು ಹೆಣ್ಣನ್ನೂ ತೊಡೆಯ ಮೇಲೆ ಹಿಡಿದು ಕೈಯಿಂದಲೇ ಕೃತಕ ಗರ್ಭಧಾರಣೆ ಮಾಡಬೇಕು. ಆ ಕೆಲಸ ರತ್ನಕ್ಕನದು.

“ಹೇಗೆ ಮಾಡ್ತೀರಿ, ತೋರಿಸಿ ನೋಡೋಣ.”

ರತ್ನಕ್ಕ ಕುಕ್ಕರುಗಾಲಲ್ಲಿ ಕೂತು, ಮಡಿಸಿದ ಗೋಣಿಚೀಲವನ್ನು ಕೋಳಿಯಂತೆ ತೊಡೆಯ ಮೇಲಿಟ್ಟುಕೊಂಡು, ಬಗ್ಗಿ ಎರಡು ಸಲ ಉಫ್ ಎಂದು ಊದಿದಳು. “ಹಿಂಗ ಊದಿದ್ರ ಬಾಲದ ಕೆಳಗಿನ ಗರಿ ತಾವ ಸರೀತಾವ್ರಿ. ಕೈಲೆ ಜಗ್ಗಿದ್ರ ನೋವಾಕ್ಕೈತಿ.”

ಪ್ರತಿಭಾ ಒಂದು ಕ್ಷಣ ಕಣ್ಣು ಮುಚ್ಚಿದರು. ನೋವಾಗದಿರಲೆಂದು ಊದಿದ ಜ್ವರದ ಉಸಿರು, ಇನ್ನೂರಕ್ಕೂ ಎರಡೆರಡು ಸಲ.

ಅವರ ಮುಖ ನೋಡಿಯೇ ರತ್ನಕ್ಕನಿಗೆ ಅರ್ಥವಾಯಿತು. “ನಂದ ತಪ್ಪರಿ. ನನ್ನ ಊರಿಗೆ ಕಳಿಸಿಬಿಡ್ರಿ. ಅವನ್ನ ಮಾತ್ರ ಗುಂಡ್ಯಾಗ ಹಾಕಬ್ಯಾಡ್ರಿ.”

“ಸುಮ್ಕಿರು ನೀನು!” ಮುನಿಕೆಂಪಮ್ಮನವರ ದನಿ ಒಡೆದಿತ್ತು. “ಡಾಕ್ಟ್ರೇ, ಬರ್ಕೊಳ್ಳಿ. ಅವತ್ತೇ ಇವಳ ಸೆರಗಿಂದ ನೀಲಗಿರಿ ವಾಸ್ನೆ ಬಂತು. ಜ್ವರ ಅಂತ ನಂಗ್ ಗೊತ್ತಾಯ್ತು. ಇವಳು ಮಲಿಕ್ಕಂಡ್ರೆ ಕೆಲ್ಸ ನಿಂತೋಗ್ತದೆ ಅಂತ ಗೊತ್ತಿಲ್ದೋಳಂಗೆ ಇದ್ಬಿಟ್ಟೆ. ಓಗು, ಮಲಿಕ್ಕೊ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ.”

ರತ್ನಕ್ಕ ತಲೆಯೆತ್ತಿ ಅವರನ್ನೇ ನೋಡಿದಳು. ಪ್ರತಿಭಾ ಪೆನ್ನಿನ ಮುಚ್ಚಳ ಹಾಕಿದರು.

“ತಪ್ಪು ಬರ್ಕೊಳ್ಳೋಕೆ ಈ ಕಾಗದದಲ್ಲಿ ಜಾಗ ಇಲ್ಲಮ್ಮ. ಒಂದನ್ನೂ ಕೊಲ್ಲಬೇಕಾಗಿಲ್ಲ. ಮೂರು ನಾಲ್ಕು ವಾರದಲ್ಲಿ ಚೇತರಿಸ್ಕೊಳ್ತವೆ. ಅಲ್ಲೀವರೆಗೆ ಕೋಳಿ, ಮೊಟ್ಟೆ ಯಾವ್ದೂ ಹೊರಗೆ ಹೋಗೋದು ಬೇಡ. ಒಳಗೆ ಹೋಗೋರು ಮಾಸ್ಕ್ ಹಾಕ್ಕೊಳ್ಳಿ, ಕೈ ತೊಳ್ಕೊಳ್ಳಿ.” ಆಮೇಲೆ ರತ್ನಕ್ಕನ ಕಡೆ ತಿರುಗಿ, “ಇನ್ಮೇಲೆ ಊದಬೇಡಿ. ಬೆರಳು ನೀರಲ್ಲಿ ಅದ್ದಿ ಮೆಲ್ಲಗೆ ಸರಿಸಿ. ನೋವಾಗಲ್ಲ,” ಎಂದರು.

ಆ ಸಂಜೆಯೇ ಮುನಿಕೆಂಪಮ್ಮ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದರು: ‘ನೆಗಡಿ ಆದವರು ಒಳಗೆ ಬರಬೇಡಿ. ಮಲಗಿ. ಊಟ ಮನೆಗೇ ಬರುತ್ತೆ.’ ಗುಂಡಿಗೆ ಮಣ್ಣು ಮುಚ್ಚಿಸಿ, ಅದರ ಮೇಲೆ ಒಂದು ನುಗ್ಗೆ ಕೊಂಬೆ ನೆಡಿಸಿದರು.

ತಿಂಗಳು ಕಳೆದು ನುಗ್ಗೆ ಚಿಗುರಿದ ವಾರ, ಒಂದು ಬೆಳಿಗ್ಗೆ, ಅದೇ ಬಾಗಿಲಲ್ಲಿ ನಿಂತು ಮುನಿಕೆಂಪಮ್ಮನವರೇ ಎರಡು ಸಲ ಸೀನಿದರು. ಮಾಸ್ಕ್ ಹಾಕಿದ್ದ ರತ್ನಕ್ಕ ಒಳಗಿನಿಂದ ಬಂದು, ಬಾಗಿಲ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸಿದಳು.

“ನಂದೇ ಶೆಡ್ಡು ಕಣೇ!”

“ಬರದಾವ್ರೂ ನೀವರಿ, ಅಮ್ಮಾರ.”

ಮುನಿಕೆಂಪಮ್ಮ ಗೊಣಗುತ್ತಾ ಮನೆಗೆ ಹೋಗಿ ಕಂಬಳಿ ಹೊದ್ದು ಮಲಗಿದರು. ಮಧ್ಯಾಹ್ನ ಹೊಸ್ತಿಲ ಬಳಿ ಡಬ್ಬಿ ಇಟ್ಟ ಸದ್ದಾಯಿತು. ಎದ್ದು ಬರುವಷ್ಟರಲ್ಲಿ ರತ್ನಕ್ಕ ಆಗಲೇ ನುಗ್ಗೆಯ ಹತ್ತಿರ ತಲುಪಿದ್ದಳು, ತಿರುಗಿ ನೋಡಲಿಲ್ಲ. ಡಬ್ಬಿಯಲ್ಲಿ ಬಿಸಿ ಜೋಳದ ರೊಟ್ಟಿ, ಮೆಣಸಿನ ಸಾರು. ಪಕ್ಕದಲ್ಲಿ, ಒಂದು ಹಿಡಿ ಒಣಹುಲ್ಲಿನ ಮೇಲೆ, ಇನ್ನೂ ಬೆಚ್ಚಗಿದ್ದ ಒಂದು ಮೊಟ್ಟೆ. ಅದರ ಮೈತುಂಬಾ ಕಂದು ಚುಕ್ಕೆ.