ರುಚಿ ನೋಡಿದವರು

ಚಮಚ ತುಟಿಗೆ ತಾಗುವ ಮೊದಲೇ ಸಂಗೀತಾ ಎದ್ದು ಬಚ್ಚಲಿಗೆ ಓಡಿದಳು. ಮದರಾಸಿನ ಮೈಲಾಪೂರಿನ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾಫಿ ಹುರಿಯುವ ಯಂತ್ರ ಇರಿಸಿದಂದಿನಿಂದ ಆ ಪರಿಮಳಕ್ಕೆ ಬೆನ್ನು ತೋರಿಸಿದವಳಲ್ಲ. ಈ ವಾರ ಅದೇ ಅವಳನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಮುಖ ಒರೆಸಿಕೊಂಡು ಬಂದಾಗ ಮೇಜಿನ ಮೇಲೆ ಬಟ್ಟಲುಗಳು ಹಬೆಯಾಡುತ್ತಲೇ ಇದ್ದವು. ಹುರಿದ ಬೀಜದ ಎಳೆಯ ಹದ, ನಡು ಹದ, ಗಾಢ ಹದ; ಒಂದೊಂದಕ್ಕೂ ಐದು ಬಟ್ಟಲು. ಒಂದು ಕೆಟ್ಟ ಬೀಜ ಒಂದು ಬಟ್ಟಲನ್ನು ಕೆಡಿಸಬಲ್ಲದು, ಐದನ್ನೂ ಕೆಡಿಸಲಾರದು. ಆದ್ದರಿಂದ ಐದು.

ಪೋರೂರಿನಲ್ಲಿ ಹೊಸದಾಗಿ ಕೆಫೆ ತೆರೆದ ಮೈಸೂರಿನ ನಿಶಾಂತ್ ಸಂಜೆ ಬರುವವನಿದ್ದ. ಅವಳು ಆರಿಸಿಕೊಟ್ಟ ಹದ ಮೆಚ್ಚಿಗೆಯಾದರೆ ತಿಂಗಳು ತಿಂಗಳೂ ಅವನ ಕಾಫಿಯೆಲ್ಲ ಇಲ್ಲಿಂದಲೇ ಹೋಗುವುದು. ಇಲ್ಲವಾದರೆ ಯಂತ್ರವನ್ನು ಮಾರುವುದೇ ಸರಿ. ಬೀಜದ ಬಣ್ಣ ಕಣ್ಣಿಗೆ ತಿಳಿಯುತ್ತದೆ, ಸಿಡಿಯುವ ಸದ್ದು ಕಿವಿಗೆ ತಿಳಿಯುತ್ತದೆ. ತೀರ್ಪು ಮಾತ್ರ ನಾಲಿಗೆಯದು. ಅವಳು ಕಟ್ಟುವ ಪ್ರತಿ ಚೀಲದ ಚೀಟಿಯಲ್ಲೂ 'ರುಚಿ ನೋಡಿದವರು' ಎಂಬ ಸಾಲಿತ್ತು. ಅದರ ಮುಂದೆ ತನ್ನ ಹೆಸರು ಬರೆಯದೆ ಅವಳು ಒಂದು ಚೀಲವನ್ನೂ ಹೊಸ್ತಿಲು ದಾಟಿಸಿರಲಿಲ್ಲ. ರುಚಿ ನೋಡದೆ ಬರೆದದ್ದೂ ಇಲ್ಲ. ಈಗ ಬಸಿರಾಗಿ ಎರಡು ತಿಂಗಳು. ಆ ನಾಲಿಗೆ ಕೈಕೊಟ್ಟಿತ್ತು. ಸಂಗತಿ ಗಂಡನೊಬ್ಬನಿಗೆ ಗೊತ್ತು. ಕಳೆದ ವರ್ಷ ಎಲ್ಲರಿಗೂ ಬೇಗನೆ ಹೇಳಿಬಿಟ್ಟಿದ್ದಳು. ಆಮೇಲೆ ಬಸಿರು ನಿಲ್ಲದೆ ಆ ಸುದ್ದಿಯನ್ನು ಒಬ್ಬೊಬ್ಬರಿಂದಲೂ ಹಿಂದಕ್ಕೆ ಪಡೆಯಬೇಕಾಗಿ ಬಂದಿತ್ತು.

"ಯಾಕವ್ವ, ಮತ್ತೆ ಓಡಿದೆ?" ಬಾಗಿಲಲ್ಲಿ ಅತ್ತೆ ಜಯದೇವಿ ನಿಂತಿದ್ದರು. ಮದರಾಸಿಗೆ ಬಂದು ತಲೆ ನರೆತರೂ ದಾವಣಗೆರೆಯ ಮಾತು ಬಿಡದವರು. ಊಟವಾದ ಮೇಲೆ ತಟ್ಟೆ ತೊಳೆದ ನೀರನ್ನೂ ಪ್ರಸಾದವೆಂದು ಕುಡಿದೇ ಏಳುವವರು. ಈಗಲೂ ಊಟ ಮುಗಿಸಿ ಬಂದಿದ್ದರು.

"ಚುಮ್ಮಾ, ಬರೀ ಪಿತ್ತ ಅತ್ತೆ. ಬೆಳಗ್ಗೆ ಸರಿಯಾಗಿ ತಿಂದಿಲ್ಲ, ಅದಕ್ಕೆ."

ಜಯದೇವಿ ಬಟ್ಟಲುಗಳನ್ನು ನೋಡಿದರು, ಸೊಸೆಯ ಮುಖ ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು. "ಚಮಚ ಕೊಡು. ನೀನು ಗಾಳಿಗೆ ಕೂತ್ಕೊ. ಬಾಯಿ ನಂದು, ತಲೆ ನಿಂದು."

"ಇದಕ್ಕೆ ಹಾಲು ಸಕ್ಕರೆ ಇರಲ್ಲ ಅತ್ತೆ."

"ಬಾಣಂತನದಾಗೆ ಕಷಾಯ ಕುಡಿದಾಕಿ ನಾನು. ಇದೇನು ಮಹಾ."

ಸೊರ್ರನೆ ಹೀರಬೇಕು, ನಾಲಿಗೆಯ ಮೇಲೆ ಆಡಿಸಬೇಕು, ಉಗುಳಬೇಕು ಎಂದು ಹೇಳಿಕೊಟ್ಟು ಸಂಗೀತಾ ಉಗುಳಲು ಒಂದು ಸ್ಟೀಲ್ ಚೊಂಬನ್ನು ಪಕ್ಕದಲ್ಲಿಟ್ಟಳು. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಬೀದಿಯ ಕಡೆ ಮುಖ ಮಾಡಿ ಬಾಗಿಲಲ್ಲಿ ಕುಳಿತಳು.

"ಎಳೇದು ಹುಣಸೆಹಣ್ಣು ನೆಕ್ಕಿದಂಗೈತೆ."

"ಆ ಹುಳಿ ಕೊನೇಲಿ ಸಿಹಿಯಾಗುತ್ತಾ?"

"ಎಲ್ಲೀದು. ನಿನ್ನ ಗಂಡನ ಸೋದರತ್ತೆ ಬಂದು ಹೋದಂಗೆ. ಹುಳಿ ಉಳ್ಕೊಂಡೇ ಬಿಡ್ತು."

ಸಂಗೀತಾ ನಕ್ಕಳು, ಜಾರಿದ ದುಪಟ್ಟಾವನ್ನು ಮತ್ತೆ ಮೂಗಿಗೆ ಒತ್ತಿಕೊಂಡಳು. "ಗಾಢದ್ದು?"

"ಇದು ನಿನ್ನ ಮಾವ. ಮೊದಲೂ ಕಹಿ, ಆಮೇಲೂ ಕಹಿ. ಹಾಲು ಬೆರೆಸಿದ್ರಷ್ಟೇ ನಡೀತೈತೆ."

ನಡು ಹದಕ್ಕೆ ಜಯದೇವಿ ಬಹಳ ಹೊತ್ತು ತೆಗೆದುಕೊಂಡರು. ಬಿಸಿಯಲ್ಲಿ ಒಂದು ಸುತ್ತು, ಆರಿದ ಮೇಲೆ ಇನ್ನೊಂದು ಸುತ್ತು. "ಬೆಲ್ಲದ ಪಾಕ ಎಳೆ ಬರೋಕೆ ಮುಂಚೆ ಇಳಿಸಿದ್ರೆ ಹೆಂಗಿರ್ತೈತೆ, ಹಂಗೆ. ಆರಿದ ಮೇಲೂ ಹಂಗೇ ಐತೆ. ಆದ್ರೆ ಈ ಒಂದು ಬಟ್ಟಲು ಗೋಣಿಚೀಲ."

"ಮಿಕ್ಕ ನಾಲ್ಕೂ?"

"ಬೆಲ್ಲ."

ಒಂದು ಬಟ್ಟಲಿನದು ಬೀಜದ ದೋಷ, ನಾಲ್ಕರದು ಹದದ ಗುಣ. ಸಂಗೀತಾ ನಡು ಹದವನ್ನು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದಳು. ಪೆನ್ನು ಹಿಡಿದು, ತನ್ನ ಹೆಸರು ಇರಬೇಕಾದಲ್ಲಿ 'ಜಯದೇವಿ' ಎಂದು ಬರೆದಳು.

ನಿಶಾಂತ್ ಬಂದವನು ಮೊದಲು ಚೀಟಿ ಓದಿದ. "ಯಾರು ಮೇಡಂ ಇವರು? ಹೊಸದಾಗಿ ಸೇರಿದಾರಾ?"

"ನಮ್ಮ ಅತ್ತೆ. ಈ ಸಲ ನಾನು ರುಚಿ ನೋಡೋಕಾಗಲಿಲ್ಲ."

ಅವನು ಅಲ್ಲೇ ಒಂದು ಕಪ್ ಕಾಫಿ ಇಳಿಸಿಕೊಂಡ. ಕಪ್ಪಿನ ತಳ ಕಾಣುವವರೆಗೆ ಗುಟುಕು ಗುಟುಕಾಗಿ ಕುಡಿದ. ಅಷ್ಟು ಹೊತ್ತೂ ಸಂಗೀತಾ ಯಂತ್ರದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಇದನ್ನೇ ಕಳಿಸಿ ಮೇಡಂ," ಎಂದ ಕೊನೆಗೆ. "ಪ್ರತಿ ತಿಂಗಳೂ. ಇವರ ಹೆಸರೂ ಇರಲಿ."

ಅವನ ಸ್ಕೂಟರು ತಿರುವು ದಾಟಿದ ಮೇಲೆ ಸಂಗೀತಾ ಬಟ್ಟಲುಗಳನ್ನು ತೊಳೆಯಲು ಎತ್ತಿಟ್ಟಳು. ಕೊನೆಗೆ ಚೊಂಬನ್ನು ಕೈಗೆತ್ತಿಕೊಂಡಳು. ಅದು ಹಗುರವಾಗಿತ್ತು. ಬಗ್ಗಿ ನೋಡಿದಳು, ಒರೆಸಿಟ್ಟ ಹಾಗೆ ಒಣಗಿತ್ತು.

"ಅತ್ತೆ, ಒಂದು ಸಲಾನೂ ಉಗುಳಲಿಲ್ವಾ?"

"ಬಾಯಿಗಿಟ್ಟಿದ್ದು ಪ್ರಸಾದ ಕಣವ್ವ. ಹೆಂಗೆ ಉಗುಳಲಿ?"

ತಪ್ಪು ತನ್ನದೇ. ತಟ್ಟೆ ತೊಳೆದ ಆ ನೀರನ್ನು ಮದುವೆಯಾದಂದಿನಿಂದ ನೋಡುತ್ತ ಬಂದವಳು. ಮಧ್ಯಾಹ್ನದ ಮೇಲೆ ಅರ್ಧ ಲೋಟ ಕಾಫಿ ಕುಡಿದರೂ ಅತ್ತೆಗೆ ನಿದ್ದೆ ಹತ್ತದೆಂಬುದನ್ನೂ ಬಲ್ಲವಳು. "ಪೋಚ್ಚು. ಇವತ್ತು ರಾತ್ರಿ ನಿಮ್ಮ ನಿದ್ದೆ ಹೋಯ್ತು," ಎಂದಳು.

"ಹೋಗ್ಲಿ ಬಿಡು. ಆ ಪಿತ್ತ ನಿನ್ನನ್ನ ರಾತ್ರಿಯೆಲ್ಲ ಬಚ್ಚಲಿಗೆ ಓಡಿಸ್ತೈತೆ. ಬೆನ್ನು ನೀವೋಕೆ ಯಾರಾದ್ರೂ ಒಬ್ರು ಎಚ್ಚರ ಇರ್ಬೇಕಲ್ಲ."

ಸಂಗೀತಾ ಏನೋ ಹೇಳಲು ಬಾಯಿ ತೆರೆದಳು. ಜಯದೇವಿ ಎದ್ದು ಬಂದು ಆ ಚೊಂಬನ್ನು ತಾವೇ ತೆಗೆದುಕೊಂಡರು.

"ಈಗಲೇ ಬೇಡ. ನಿನಗೆ ಧೈರ್ಯ ಬಂದಾಗ ಹೇಳು. ಅಲ್ಲೀ ತನಕ ನನಗೂ ಗೊತ್ತಿಲ್ಲ."